ಹೊಸ ಪೆಟ್ಟಿಗೆ, ಹಳೆಯ ಗುರುತು

ಕಳೆದ ಮೂರು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ದೂರನ್ನು ಹೊತ್ತು ಬಂದುವು. ಕಾಗದವೆಂದದ್ದು ಹಳೆಯ ರೂಢಿಯಿಂದ. ಬಂದುವೆಲ್ಲ ವಾಟ್ಸಾಪಿನಲ್ಲಿ, ಅದೂ ಮೊಬೈಲಿನ ಸಿಮ್ಮಿನ ಕೃಪೆಯಿಂದ. ಬರೆದವರ ಮನೆಯ ನೆಟ್ಟು ಆಗ ಸದ್ದಡಗಿ ಮಲಗಿತ್ತು. ಹಳೆಯ ರೌಟರ್ ಕೆಟ್ಟಿತು, ಅಥವಾ ಹಳತಾಯಿತೆಂದು ಮಗನೋ ಅಳಿಯನೋ ಹೊಸದೊಂದನ್ನು ತಂದಿಟ್ಟರು, ದೀಪಗಳೆಲ್ಲ ಹೊತ್ತಿಕೊಂಡುವು, ಸಂಪರ್ಕ ಮಾತ್ರ ಇಲ್ಲ. ಡೊಂಬಿವಲಿಯಿಂದ, ಮುಲುಂಡಿನಿಂದ, ಬೊರಿವಲಿಯಿಂದ, ವಾಶಿಯಿಂದ ಬಂದ ಈ ಮಾತುಗಳನ್ನು ಓದುತ್ತ ಹೋದಂತೆ, ಬೇರೆ ಬೇರೆ ಮನೆಗಳ ಕಾಯಿಲೆಗೆ ಮೂಲ ಒಂದೇ ಎಂದು ನಮಗೆ ಮನವರಿಕೆಯಾಯಿತು. ಹೆಚ್ಚಿನ ಕಡೆ ಹೊಸ ಪೆಟ್ಟಿಗೆ ಕೆಟ್ಟಿರಲಿಲ್ಲ, ತಂತಿಯೂ ಕೆಟ್ಟಿರಲಿಲ್ಲ. ಹಳೆಯ ಪೆಟ್ಟಿಗೆ ತಾನು ಬಲ್ಲ ಸಂಗತಿಗಳನ್ನೆಲ್ಲ ತನ್ನೊಡನೆ ಕಟ್ಟಿಕೊಂಡು ಹೋಗಿತ್ತು. ಅವನ್ನು ಹೊಸದಕ್ಕೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಇದು ಬರಿಯ ಸಿನೆಮಾ ನೋಡುವವರ ಅನಾನುಕೂಲವೆಂದು ತಳ್ಳಿಬಿಡುವಂತಿಲ್ಲ. ಮುಲುಂಡಿನಲ್ಲಿ ಒಬ್ಬಂಟಿಯಾಗಿರುವ, ಎಂಬತ್ತರ ಆಸುಪಾಸಿನ ತಾಯಿಯೊಬ್ಬರ ವಿಷಯ ಕೇಳಿ. ಮಗ ಬಹರೈನಿನಲ್ಲಿ, ಮಗಳು ಪುಣೆಯಲ್ಲಿ. ಹಜಾರದ ಮೂಲೆಯಲ್ಲಿ ಒಂದು ಸಣ್ಣ ಕ್ಯಾಮೆರಾ ಇಟ್ಟು, ಅಮ್ಮ ಎದ್ದರೇ, ತಿಂಡಿ ತಿಂದರೇ ಎಂದು ಮಕ್ಕಳಿಬ್ಬರೂ ದಿನಕ್ಕೆರಡು ಬಾರಿ ನೋಡುವುದು ವಾಡಿಕೆ. ಒಂದು ಶನಿವಾರ ಸಂಜೆ ಕಂಪೆನಿಯ ಹುಡುಗನೊಬ್ಬ ಬಂದು ರೌಟರ್ ಬದಲಾಯಿಸಿ, ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಓಡಿಸಿ ತೋರಿಸಿ, 'ಹಮಾರೇ ಸೈಡ್ ಸೇ ಸಬ್ ಓಕೆ ಹೈ, ಆಂಟೀ' ಎಂದು ಹೇಳಿ ಹೊರಟುಹೋದ. ರಾತ್ರಿ ಮಗ ನೋಡುತ್ತಾನೆ, ಕ್ಯಾಮೆರಾ ಕುರುಡು. ಮನೆಯ ದೂರವಾಣಿಯೂ ಕೂಗುತ್ತಿಲ್ಲ. ಅದರ ತಂತಿಯನ್ನು ಹೊಸ ಪೆಟ್ಟಿಗೆಗೆ ಸಿಕ್ಕಿಸಲು ಹುಡುಗ ಮರೆತಿದ್ದ. ಆಕೆಯ ಮೊಬೈಲು ಒಳಕೋಣೆಯಲ್ಲಿ ಚಾರ್ಜಿಗೆ ಬಿದ್ದಿತ್ತು. ಕಡೆಗೆ ಪುಣೆಯಿಂದ ಮಗಳು ನೆರೆಯವರನ್ನು ಎಬ್ಬಿಸಿ, ಸೊಸೈಟಿಯ ವಾಚ್‌ಮನ್ನನನ್ನು ಮೇಲಕ್ಕೆ ಕಳುಹಿಸಿ ಬಾಗಿಲು ತಟ್ಟಿಸಿದಾಗ, ತಾಯಿ ಕಣ್ಣುಜ್ಜಿಕೊಂಡು ಬಂದು ಏನು ಗಲಾಟೆಯೆಂದು ಕೇಳಿದರಂತೆ. ಗಲಾಟೆ ಏನೂ ಇರಲಿಲ್ಲ. ಆದರೆ ಆ ಎರಡು ಗಂಟೆಗಳನ್ನು ಬಹರೈನಿನಲ್ಲಿ ಕಳೆದವನ ಪಾಡನ್ನು ಊಹಿಸಿಕೊಳ್ಳಬಹುದು. ಮರುದಿನ ಬಂದ ಮತ್ತೊಬ್ಬ ರಿಪೇರಿಯವನು ಕ್ಯಾಮೆರಾ ಕೆಟ್ಟಿದೆ, ಹೊಸದು ಕೊಳ್ಳಿ ಎಂದ. ಕ್ಯಾಮೆರಾಕ್ಕೆ ಏನಾಗಿತ್ತೆಂಬುದನ್ನು ಮುಂದೆ ಹೇಳುತ್ತೇವೆ.

ಹಿಂದಿನ ಸಂಗತಿಯೊಂದನ್ನು ನೆನೆದರೆ ವಿಷಯ ಸುಲಭವಾಗಿ ತಿಳಿಯುತ್ತದೆ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ತೆರೆದಾಗ, ಅದನ್ನು ಮೊದಲು ಪಡೆದ ಕೆಲವೇ ನಗರಗಳಲ್ಲಿ ನಮ್ಮ ಮುಂಬಯಿಯೂ ಒಂದು. ಆಗ ದೂರವಾಣಿಯ ತಂತಿಗೆ ಮೋಡೆಮ್ ಸಿಕ್ಕಿಸಿ, ನಂಬರು ಹಚ್ಚಿ, ಅದು ಕಿರ್ರೆಂದು ಕೂಗಿ ಮುಗಿಸಿದ ಮೇಲೆ ಗ್ರಾಹಕನು ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಒಪ್ಪಿಸಬೇಕಾಗಿತ್ತು. ಹೀಗಾಗಿ ಅವು ನಾಲಗೆಯ ತುದಿಯಲ್ಲಿದ್ದುವು, ಇಲ್ಲವೇ ಡೈರಿಯಲ್ಲಿದ್ದುವು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಆ ಕೆಲಸವನ್ನು ಪೆಟ್ಟಿಗೆಯೇ ವಹಿಸಿಕೊಂಡಿತು. ಅನೇಕ ಸಂಪರ್ಕಗಳಲ್ಲಿ ಹೆಸರು ಕೇಳುವುದು ಇಂದಿಗೂ ತಪ್ಪಿಲ್ಲ; ಕೇಳಿದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಅಷ್ಟೆ. ಹತ್ತು ವರ್ಷ ಅಂಗಡಿಯ ಲೆಕ್ಕ ನೋಡಿದ ಗುಮಾಸ್ತ ಹೇಳದೆ ಕೇಳದೆ ಊರಿಗೆ ಹೋದರೆ, ಖಾತೆಪುಸ್ತಕ ಯಾವ ಕಪಾಟಿನಲ್ಲಿದೆಯೆಂದು ಯಜಮಾನ ತಡಕಾಡುವುದಿಲ್ಲವೇ? ಇದೂ ಹಾಗೆಯೇ.

ಆದುದರಿಂದ ನೆಟ್ಟು ಏಕಿಲ್ಲವೆಂದು ಕೊರಗುವ ಮೊದಲು, ಎಲ್ಲಿಯವರೆಗೆ ಇದೆಯೆಂದು ನೋಡಬೇಕು. ವರ್ಸೋವಾದ ಕಡಲತಡಿಯಲ್ಲಿ ನೀರಿನಡಿಯಿಂದ ಎದ್ದು ಬಂದ ಕೇಬಲ್ಲಿನ ಸುದ್ದಿ ನಮ್ಮ ಅಡುಗೆಮನೆಯ ಮೊಬೈಲನ್ನು ಮುಟ್ಟಲು ಎಷ್ಟೋ ಕೈ ದಾಟುತ್ತದೆ. ಅದರಲ್ಲಿ ನಮ್ಮ ಕೈಗೆಟಕುವ ಕೊಂಡಿಗಳು ಮೂರು: ಹೊರಗಿನ ತಂತಿ ಪೆಟ್ಟಿಗೆಗೆ ಸೇರುವುದು, ಪೆಟ್ಟಿಗೆಯನ್ನು ಕಂಪೆನಿಯವರು ಗುರುತಿಸಿ ಒಳಗೆ ಬಿಡುವುದು, ಪೆಟ್ಟಿಗೆಯಿಂದ ಮನೆಯ ಉಪಕರಣಗಳಿಗೆ ಹೋಗುವುದು. ಕಂಪ್ಯೂಟರನ್ನು ತಂತಿಯಿಂದಲೇ ಪೆಟ್ಟಿಗೆಗೆ ಜೋಡಿಸಿ ನೋಡಿ. ತಂತಿಯಲ್ಲಿ ನಡೆದು ವೈ-ಫೈಯಲ್ಲಿ ನಡೆಯದಿದ್ದರೆ ತೊಡಕು ಮನೆಯೊಳಗೆ. ತಂತಿಯಲ್ಲೂ ನಡೆಯದಿದ್ದರೆ ಹೊರಗಿನ ಎರಡು ಕೊಂಡಿಗಳನ್ನು ಸಂಶಯಿಸಬೇಕು. ಕಂಪ್ಯೂಟರಿನ ವಿಳಾಸ 169.254 ಎಂದು ಆರಂಭವಾಗಿದ್ದರೆ, ಪೆಟ್ಟಿಗೆ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ, ಅದು ತಾನಾಗಿ ಒಂದನ್ನು ಹಚ್ಚಿಕೊಂಡು ಕುಳಿತಿದೆಯೆಂದು ತಿಳಿಯಿರಿ. ಇಷ್ಟನ್ನು ನೋಡಿಕೊಂಡು ದೂರು ಕೊಟ್ಟರೆ ಆ ಕಡೆಯಿಂದ ಮಾತಾಡುವವರ ಧಾಟಿಯೇ ಬದಲಾಗುವುದನ್ನು ನಾವು ಕಂಡಿದ್ದೇವೆ.

ಮೊದಲನೆಯ ಕೊಂಡಿಗೆ ದೀಪಗಳೇ ಸಾಕ್ಷಿ. ಈಗ ಬಹುಕಡೆ ಮನೆಗೆ ಬರುವುದು ಕೂದಲೆಳೆಯಂಥ ಗಾಜಿನ ತಂತು, ಅಂದರೆ ಫೈಬರ್. ಅದನ್ನು ಹಿಡಿಯುವ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂದು ಬರೆದ ಕೆಂಪು ದೀಪ ಹತ್ತಿದರೆ ಬೆಳಕು ಒಳಗೆ ಬರುತ್ತಿಲ್ಲವೆಂದರ್ಥ. ಪೆಟ್ಟಿಗೆ ಬದಲಾಯಿಸುವಾಗ ಟಿ.ವಿ.ಯ ಮೇಜನ್ನು ಸರಿಸಿ, ತಂತುವನ್ನು ಮೂಲೆಗೆ ಒತ್ತಿ ಮಡಚಿದ್ದರಿಂದಲೇ ಇದು ಎಷ್ಟೋ ಸಲ ಆಗಿರುತ್ತದೆ. ತಾಮ್ರದ ತಂತಿಯಂತೆ ಗಾಜನ್ನು ಮಡಚಬಾರದು, ಅಗಲವಾದ ಬಳೆಯಂತೆ ಸುತ್ತಬೇಕು. ಬಿಚ್ಚಿದ ತುದಿಯೊಳಗೆ ಇಣಕಬೇಡಿ. ಆ ಬೆಳಕು ಕಣ್ಣಿಗೆ ಕಾಣಿಸುವಂಥದಲ್ಲ, ಆದರೆ ಕಣ್ಣಿಗೆ ಒಳ್ಳೆಯದೂ ಅಲ್ಲ.

ಇನ್ನೊಂದು ಮಾತು. ಹೊಸ ಪೆಟ್ಟಿಗೆಗೆ ಹಳೆಯದರ ಅಡಾಪ್ಟರನ್ನೇ ಸಿಕ್ಕಿಸುವ ಮಿತವ್ಯಯ ಬೇಡ. ಹನ್ನೆರಡು ವೋಲ್ಟಿನ ಪೆಟ್ಟಿಗೆಗೆ ಒಂಬತ್ತರ ಅಡಾಪ್ಟರ್ ಹಾಕಿದರೆ ದೀಪ ಹತ್ತುವುದುಂಟು, ಕೆಲಸ ನಡುನಡುವೆ ನಿಲ್ಲುವುದೂ ಉಂಟು. 2020ರ ಅಕ್ಟೋಬರ್ 12ರಂದು ಮುಂಬಯಿಗೇ ವಿದ್ಯುತ್ತು ಹೋದ ದಿನ, ಮನೆಯಿಂದಲೇ ಕಚೇರಿ ಮತ್ತು ಶಾಲೆ ನಡೆಯುತ್ತಿದ್ದ ಆ ಕಾಲದಲ್ಲಿ, ರೌಟರಿಗೆ ಅಂಗೈಯಗಲದ ಬ್ಯಾಟರಿಯೊಂದನ್ನು ಇಟ್ಟುಕೊಂಡಿದ್ದವರ ಜಾಣತನ ನೆರೆಯವರಿಗೆ ತಿಳಿಯಿತು.

ಎರಡನೆಯ ಕೊಂಡಿಯಲ್ಲಿಯೇ ಹೆಚ್ಚಿನವರು ಸಿಕ್ಕಿಬೀಳುವುದು. ರೌಟರಿನ ಹಿಂದೆ ಸಾಲಾಗಿರುವ ಕಿಂಡಿಗಳಲ್ಲಿ ಒಂದರ ಬಣ್ಣ ಸಾಮಾನ್ಯವಾಗಿ ಬೇರೆಯಾಗಿರುತ್ತದೆ, ಅದರ ಮೇಲೆ ವ್ಯಾನ್ ಎಂದೋ ಇಂಟರ್‌ನೆಟ್ ಎಂದೋ ಬರೆದಿರುತ್ತದೆ. ಹೊರಗಿನಿಂದ ಬಂದ ತಂತಿ ಅದಕ್ಕೇ ಹೋಗಬೇಕು. ತರುವಾಯ ಪೆಟ್ಟಿಗೆ ತನ್ನ ಗುರುತು ಹೇಳಬೇಕು. ಈ ಗುರುತು ಮೂರು ಬಗೆಯಲ್ಲಿ ಬರುತ್ತದೆ. ಕೆಲವು ಕಂಪೆನಿಗಳು ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತವೆ; ರೌಟರಿನ ಪುಟದಲ್ಲಿ ಇದನ್ನು ಪಿಪಿಪಿಓಇ ಎಂದು ಬರೆದಿರುತ್ತಾರೆ. ಇದು ವೈ-ಫೈಯ ಪಾಸ್‌ವರ್ಡ್ ಅಲ್ಲ, ಬಿಲ್ಲು ಕಟ್ಟುವ ಖಾತೆಯದೂ ಆಗಿರಬೇಕೆಂದಿಲ್ಲ. ಹಳೆಯ ಪೆಟ್ಟಿಗೆ ಇನ್ನೂ ಉಸಿರಾಡುತ್ತಿರುವಾಗಲೇ ಅದರ ಪುಟವನ್ನು ತೆರೆದು ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಪಾಸ್‌ವರ್ಡ್ ಅಲ್ಲಿ ಚುಕ್ಕಿಗಳಾಗಿ ಕಾಣುವುದರಿಂದ ಅದನ್ನು ಕಂಪೆನಿಯವರಿಂದ ಕೇಳಿ ಪಡೆಯತಕ್ಕದ್ದು.

ಎರಡನೆಯ ಬಗೆ ಉಪನಗರಗಳಲ್ಲಿ ಹೆಚ್ಚು. ಟಿ.ವಿ.ಗೆ ಕೇಬಲ್ ಕೊಡುವವನೇ ನೆಟ್ಟನ್ನೂ ಕೊಡುತ್ತಾನೆ. ಗಚ್ಚಿಯ ಮೇಲಿನ ಡಬ್ಬಿಯಿಂದ ತಂತಿಯೊಂದು ಕಿಟಕಿಯ ಸರಳಿನ ನಡುವೆ ನುಸುಳಿ ಒಳಗೆ ಬಂದಿರುತ್ತದೆ. ಈತ ಹೆಸರು ಕೇಳದೆ ಮುಖ ನೋಡಿ ಬಿಡುವವನು. ಜಗತ್ತಿನ ಪ್ರತಿಯೊಂದು ರೌಟರಿಗೂ ತಯಾರಕರು ಹನ್ನೆರಡು ಅಕ್ಷರ-ಅಂಕೆಗಳ ಒಂದು ಸಂಖ್ಯೆಯನ್ನು ಕೆತ್ತಿ ಕಳುಹಿಸುತ್ತಾರೆ, ಅದಕ್ಕೆ ಮ್ಯಾಕ್ ವಿಳಾಸವೆಂದು ಹೆಸರು. ಮೊದಲರ್ಧ ತಯಾರಕರ ಗುರುತು, ಉಳಿದರ್ಧ ಆ ಪೆಟ್ಟಿಗೆಯದೇ. ಕೇಬಲ್‌ವಾಲನ ಪಟ್ಟಿಯಲ್ಲಿ ಹಳೆಯ ಪೆಟ್ಟಿಗೆಯ ಸಂಖ್ಯೆ ಇದ್ದರೆ ಹೊಸಬನಿಗೆ ಬಾಗಿಲು ತೆರೆಯದು. ಫೋನು ಮಾಡಿ, ಹೊಸ ರೌಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿರುವ ಸಂಖ್ಯೆಯನ್ನು ಓದಿ ಹೇಳಿದರೆ ಐದು ನಿಮಿಷದ ಕೆಲಸ. ಅವನು ಭಾನುವಾರ ಫೋನೆತ್ತದಿದ್ದರೆ, ಹೊಸ ರೌಟರಿಗೆ ಹಳೆಯದರ ಸಂಖ್ಯೆಯನ್ನೇ ಹೇಳುವಂತೆ ಕಲಿಸುವ ಸೌಕರ್ಯ ಬಹಳಷ್ಟು ರೌಟರುಗಳ ಪುಟದಲ್ಲಿ ಇರುತ್ತದೆ. ಮ್ಯಾಕ್ ಕ್ಲೋನ್ ಎಂದು ಹುಡುಕಬೇಕು. ಮೂರನೆಯ ಬಗೆ ಫೈಬರಿನದು. ಒಂದೇ ತಂತುವಿನ ಬೆಳಕನ್ನು ಮೂವತ್ತೆರಡೋ ಅರುವತ್ತನಾಲ್ಕೋ ಮನೆಗಳಿಗೆ ಹಂಚಿರುವುದರಿಂದ, ಯಾವ ಮನೆ ಯಾವುದೆಂದು ತಿಳಿಯಲು ಫೈಬರ್ ಪೆಟ್ಟಿಗೆಯ ಕ್ರಮಸಂಖ್ಯೆಯನ್ನು ಕಂಪೆನಿಯವರು ನೊಂದಾಯಿಸಿಕೊಂಡಿರುತ್ತಾರೆ. ಅಂಗಡಿಯಿಂದ ಅಂಥದೇ ಇನ್ನೊಂದನ್ನು ತಂದು ನಾವೇ ಸಿಕ್ಕಿಸಿದರೆ ಉಪಯೋಗವಿಲ್ಲ.

ಈ ಕಾರಣದಿಂದಲೇ ಕೆಲವರು ಕಂಪೆನಿಯ ಪೆಟ್ಟಿಗೆಯನ್ನು ಹಾಗೆಯೇ ಇಟ್ಟು, ಅದರ ಹಿಂದೆ ತಮ್ಮ ಹೊಸ ರೌಟರನ್ನು ಜೋಡಿಸುತ್ತಾರೆ. ಮನೆಯ ದೂರವಾಣಿ ಆ ಪೆಟ್ಟಿಗೆಯ ಮೂಲಕವೇ ಬರುವುದಾದರೆ ಹೀಗೆ ಮಾಡುವುದೇ ಯುಕ್ತ. ಆದರೆ ಇದರಲ್ಲೊಂದು ಸಿಕ್ಕು ಇದೆ. ಮನೆಯೊಳಗಿನ ಉಪಯೋಗಕ್ಕೆಂದು ಕೆಲವು ವಿಳಾಸಗಳನ್ನು 1996ರಲ್ಲಿ ಇಡೀ ಜಗತ್ತಿಗೆ ಸಾಮಾನ್ಯವಾಗಿ ಮೀಸಲಿಟ್ಟರು, 192.168 ಎಂದು ಆರಂಭವಾಗುವುವು ಅವೇ. ಎರಡು ಪೆಟ್ಟಿಗೆಗಳೂ 192.168.1 ಎಂಬ ಬೀದಿಯನ್ನೇ ತಮ್ಮದೆಂದರೆ ಸುದ್ದಿ ಯಾವ ಕಡೆ ಹೋಗಬೇಕು? ಎಂ.ಜಿ. ರೋಡು ಫೋರ್ಟಿನಲ್ಲೂ ಇದೆ, ಘಾಟ್ಕೋಪರಿನಲ್ಲೂ ಇದೆ, ಮುಲುಂಡಿನಲ್ಲೂ ಇದೆ. ಉಪನಗರದ ಹೆಸರಿಲ್ಲದೆ ಬರಿಯ ಎಂ.ಜಿ. ರೋಡ್ ಎಂದು ಬರೆದ ಲಕೋಟೆಯನ್ನು ಹಿಡಿದ ಅಂಚೆಯವನ ಅವಸ್ಥೆ ರೌಟರಿನದಾಗುತ್ತದೆ. ನಿಮ್ಮ ರೌಟರಿನ ಬೀದಿಯನ್ನು 192.168.5 ಎಂದೋ ಮತ್ತೊಂದೋ ಮಾಡಿದರೆ ಗೊಂದಲ ತೀರುತ್ತದೆ. ಕಂಪೆನಿಯವರಿಗೆ ಹೇಳಿ ಅವರ ಪೆಟ್ಟಿಗೆಯನ್ನು ಬ್ರಿಜ್ ಮಾಡಿಸಿದರೆ, ಅಂದರೆ ಅದು ಬರಿಯ ಸೇತುವೆಯಾಗಿ ಉಳಿದರೆ, ಇನ್ನೂ ಲೇಸು. ಎಲ್ಲವನ್ನೂ ಆರಿಸಿ ಹೊತ್ತಿಸುವಾಗಲೂ ಕ್ರಮ ತಪ್ಪಬಾರದು: ಮೊದಲು ಫೈಬರಿನ ಪೆಟ್ಟಿಗೆ, ಅದರ ದೀಪ ನಿಂತ ಮೇಲೆ ರೌಟರ್, ಕೊನೆಗೆ ಮಿಕ್ಕವು.

ವಿಳಾಸದ ಮಾತು ಬಂದದ್ದರಿಂದ ಠಾಣೆಯ ಕಡೆಯ ನಮ್ಮವರ ಹೋಟೆಲೊಂದರ ಕಥೆ ಹೇಳಬೇಕು. ಅಲ್ಲಿ ವೇಟರು ಗಿರಾಕಿಯ ಆರ್ಡರನ್ನು ಮೊಬೈಲಿನಲ್ಲಿ ಒತ್ತಿದರೆ ಅಡುಗೆಮನೆಯ ಪ್ರಿಂಟರಿನಲ್ಲಿ ಚೀಟಿ ಹೊರಬರುವ ಏರ್ಪಾಡು. ರೌಟರ್ ಬದಲಾಯಿಸಿದ ದಿನ ನೆಟ್ಟು ಚೆನ್ನಾಗಿ ಬಂತು, ಕ್ಯಾಷಿಯರು ಸಂತೋಷಪಟ್ಟರು, ಮಧ್ಯಾಹ್ನದ ಊಟದ ವೇಳೆಗೆ ಚೀಟಿ ಬರುವುದು ನಿಂತಿತು. ಸಪ್ಲಾಯರುಗಳು ಹಳೆಯ ಉಡುಪಿ ಹೋಟೆಲುಗಳ ಪದ್ಧತಿಯಂತೆ 'ಎರಡು ಮಸಾಲೆ, ಒಂದು ಸಾದಾ' ಎಂದು ಕೂಗಿ ಆ ಹೊತ್ತನ್ನು ದಾಟಿಸಿದರು. (ಹಿರಿಯ ಗಿರಾಕಿಗಳಿಗೆ ಅದು ಬಹಳ ಹಿಡಿಸಿತೆಂದು ಕೇಳಿದ್ದೇವೆ.) ಪ್ರಿಂಟರ್ ಮಾರಿದವರು ಹೊಸದು ಬೇಕಾದೀತೆಂದರು. ಆಗಿದ್ದುದು ಇಷ್ಟೆ: ಪ್ರಿಂಟರಿಗೆ 192.168.1.50 ಎಂದು ಖಾಯಂ ವಿಳಾಸ ಕೊಟ್ಟಿತ್ತು. ಹೊಸ ರೌಟರ್ 192.168.0 ಎಂಬ ಬೀದಿಯಲ್ಲಿ ಬಿಡಾರ ಹೂಡಿತ್ತು. ರೌಟರನ್ನು ಹಳೆಯ ಬೀದಿಗೆ ಕರೆತಂದು, 50ನೆಯ ಮನೆಯನ್ನು ಪ್ರಿಂಟರಿಗೆಂದೇ ಕಾದಿರಿಸಿದ ಮೇಲೆ ಚೀಟಿ ಬರತೊಡಗಿತು. ಖರ್ಚು ಒಂದು ಪೈಸೆಯೂ ಇಲ್ಲ.

ಈಗ ಮುಲುಂಡಿನ ಕ್ಯಾಮೆರಾ. ಮನೆಯ ಉಪಕರಣಗಳು ರೌಟರನ್ನು ಗುರುತಿಸುವುದು ವೈ-ಫೈಯ ಹೆಸರು ಮತ್ತು ಪಾಸ್‌ವರ್ಡುಗಳಿಂದ. ಹುಡುಗ ಹೊಸ ಪೆಟ್ಟಿಗೆಯನ್ನು ಕಾರ್ಖಾನೆಯ ಹೆಸರಿನಲ್ಲೇ ಬಿಟ್ಟುಹೋಗಿದ್ದ. ಮೊಬೈಲಾದರೆ ಹೊಸ ಹೆಸರನ್ನು ಒತ್ತಿ ಸೇರಬಹುದು; ಕ್ಯಾಮೆರಾಕ್ಕೆ ಕೀಲಿಮಣೆಯೂ ಇಲ್ಲ, ಪರದೆಯೂ ಇಲ್ಲ, ಅದು ಹಳೆಯ ಹೆಸರನ್ನು ಜಪಿಸುತ್ತ ಕುಳಿತಿತ್ತು. ಮಗಳು ಪುಣೆಯಿಂದ ಬಂದು ಹೊಸ ರೌಟರಿಗೆ ಹಳೆಯ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರ ತಪ್ಪದೆ ಇಟ್ಟಳು. ಮೊಬೈಲು, ಟಿ.ವಿ. ತಾವಾಗಿ ಬಂದು ಕೂಡಿಕೊಂಡುವು. ಕ್ಯಾಮೆರಾ ಬರಲಿಲ್ಲ! ಕಾರಣ, ಈಗಿನ ರೌಟರುಗಳು ಎರಡು ಸ್ವರಗಳಲ್ಲಿ ಮಾತಾಡುತ್ತವೆ, 2.4 ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ನಿಧಾನ, ಆದರೆ ಗೋಡೆ ದಾಟುತ್ತದೆ. ಎರಡನೆಯದು ವೇಗ, ಗೋಡೆಯೆದುರು ಬಳಲುತ್ತದೆ. ಅಗ್ಗದ ಕ್ಯಾಮೆರಾಗಳಿಗೆ, ಹಳೆಯ ಪ್ರಿಂಟರುಗಳಿಗೆ, ವೈ-ಫೈ ಬಲ್ಬುಗಳಿಗೆ ಸಾಮಾನ್ಯವಾಗಿ 2.4 ಮಾತ್ರ ಕೇಳಿಸುತ್ತದೆ. ಆ ಪೆಟ್ಟಿಗೆಯಲ್ಲಿ 2.4 ಆರಿಸಿಯೇ ಇತ್ತು. ಅದನ್ನು ಹೊತ್ತಿಸಿ, ಭದ್ರತೆಯ ಬಗೆಯನ್ನು ಡಬ್ಲ್ಯೂಪಿಎ3ರಿಂದ ಡಬ್ಲ್ಯೂಪಿಎ2ಕ್ಕೆ ಇಳಿಸಿದಾಗ (ಹಳೆಯ ಉಪಕರಣಗಳಿಗೆ ಮೂರರ ಭಾಷೆ ಬಾರದು) ಕ್ಯಾಮೆರಾ ಕಣ್ಣು ತೆರೆಯಿತು.

ಎಲ್ಲವೂ ಸೇರಿಕೊಂಡಂತೆ ಕಂಡು, ವೆಬ್‌ಸೈಟುಗಳು ಮಾತ್ರ ತೆರೆಯದಿದ್ದರೆ ಹೆಸರನ್ನು ವಿಳಾಸವಾಗಿ ತಿರುಗಿಸುವ ಡಿಎನ್‌ಎಸ್ಸನ್ನು ನೋಡಬೇಕು. ಅದು ಹಿಂದಿನ ಟೆಲಿಫೋನ್ ಡೈರೆಕ್ಟರಿಯಂತೆ. ಲೈನು ಇದ್ದೂ ಡೈರೆಕ್ಟರಿ ಕಳೆದರೆ ಯಾರಿಗೂ ಫೋನು ಮಾಡಲಾಗದು. ರೌಟರಿನ ಪುಟದಲ್ಲಿ 8.8.8.8 ಅಥವಾ 1.1.1.1 ಎಂದು ಬರೆದು ನೋಡಿ. ವೇಗ ಕುಂದಿತೆನ್ನುವವರು ಪೆಟ್ಟಿಗೆ ಎಲ್ಲಿದೆಯೆಂದು ಮೊದಲು ನೋಡಲಿ. ಅಂದಗೆಡುತ್ತದೆಂದು ಅದನ್ನು ಉಕ್ಕಿನ ಕಪಾಟಿನ ಹಿಂದೆ ಅಡಗಿಸುವುದು ನಮ್ಮ ಮನೆಗಳಲ್ಲಿ ಸರ್ವೇಸಾಮಾನ್ಯ. ಉಕ್ಕಿನ ಮೂಲಕ ವೈ-ಫೈ ಹಾಯುವುದಿಲ್ಲ. ಒಂದು ಮಹಡಿಯಲ್ಲಿ ಆರು ಮನೆಗಳಿರುವ ಬಿಲ್ಡಿಂಗುಗಳಲ್ಲಿ ಎಲ್ಲರ 2.4 ಒಂದರ ಮೇಲೊಂದು ಬೀಳುತ್ತಿರುತ್ತದೆ; ಅದರಲ್ಲಿ ಒಂದಕ್ಕೊಂದು ತಾಗದ ಓಣಿಗಳು 1, 6, 11 ಎಂಬ ಮೂರೇ. ನೆರೆಯವರು ಯಾವುದರಲ್ಲಿದ್ದಾರೆಂದು ತಿಳಿದು ಬೇರೊಂದನ್ನು ಆರಿಸಿಕೊಳ್ಳಬಹುದು.

ಸಂಪರ್ಕ ಬಂದೊಡನೆ ಕೈತೊಳೆದುಕೊಂಡು ಏಳುವವರಿಗೆ ಒಂದು ಕಿವಿಮಾತು. ರೌಟರಿಗೆ ಎರಡು ಪಾಸ್‌ವರ್ಡುಗಳಿವೆ: ವೈ-ಫೈಯದೊಂದು, ಪೆಟ್ಟಿಗೆಯ ಒಳಪುಟವನ್ನು ತೆರೆಯುವುದೊಂದು. ಎರಡನ್ನೂ ಕಾರ್ಖಾನೆಯವರು ಕೊಟ್ಟ ಹಾಗೆಯೇ ಬಿಡಬಾರದು. ಹಾಗಾದರೆ ಹಳೆಯ ವೈ-ಫೈ ಪಾಸ್‌ವರ್ಡನ್ನೇ ಇಡಬಹುದೇ? ಅದು ಗಟ್ಟಿಯಾಗಿದ್ದು ಬಿಲ್ಡಿಂಗಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿರದಿದ್ದರೆ ಇಡಬಹುದು. ಇಲ್ಲವಾದರೆ ಒಂದು ದಿನದ ತೊಂದರೆ ಪಟ್ಟು ಹೊಸದಿಡುವುದೇ ಮೇಲು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವುದಕ್ಕೆ ಕೆಲವೇ ನಿಮಿಷ ಮೊದಲು ಹೋದ ಬೆದರಿಕೆಯ ಇ-ಮೇಲಿನ ಜಾಡು ಹಿಡಿದ ಪೋಲೀಸರು ಬಂದು ನಿಂತದ್ದು ನವಿ ಮುಂಬಯಿಯ ಸಾನ್ಪಾಡದ ಒಂದು ಮನೆಯ ಬಾಗಿಲಿಗೆ. ಭದ್ರವಿಲ್ಲದ ಆ ಮನೆಯ ವೈ-ಫೈಯನ್ನು ಯಾರೋ ಬಳಸಿಕೊಂಡಿದ್ದರು. ಮರುತಿಂಗಳು ಮತ್ತೊಂದು ಇ-ಮೇಲಿಗೆ ನಮ್ಮ ಮಾಟುಂಗದ ಕಾಲೇಜೊಂದರ ವೈ-ಫೈ ದಾರಿಯಾಯಿತು. ಇನ್ನು ಒಳಪುಟದ ಪಾಸ್‌ವರ್ಡ್: 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯ ಹೆಸರು-ಪಾಸ್‌ವರ್ಡುಗಳ ಅರುವತ್ತು ಚಿಲ್ಲರೆ ಜೋಡಿಗಳನ್ನಷ್ಟೇ ಕೈಯಲ್ಲಿ ಹಿಡಿದು, ಜಗತ್ತಿನ ಲಕ್ಷಾಂತರ ಕ್ಯಾಮೆರಾ-ರೌಟರುಗಳೊಳಗೆ ನುಗ್ಗಿತು. ಬೀಗ ಮುರಿಯುವ ಶ್ರಮವೂ ಅದಕ್ಕಿರಲಿಲ್ಲ. ಬೀಗದ ಕೈ ಬಾಗಿಲಲ್ಲೇ ತೂಗುತ್ತಿತ್ತು.

ನಮ್ಮ ಅನೇಕ ಮನೆಗಳಲ್ಲಿ ಈ ವಿವರಗಳೆಲ್ಲ ಒಬ್ಬ ಮಗನ ತಲೆಯಲ್ಲಿರುತ್ತವೆ, ಆ ಮಗ ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇರುತ್ತಾನೆ. ಇದು ಸರಿಯಲ್ಲ. ಹಾಲಿನವನ ಲೆಕ್ಕ, ಲೈಟ್ ಬಿಲ್ಲಿನ ಗ್ರಾಹಕ ಸಂಖ್ಯೆ, ಡಾಕ್ಟರ ಫೋನು ಬರೆದಿಡುವ ಪುಸ್ತಕದಲ್ಲಿಯೇ ಒಂದು ಪುಟವನ್ನು ಇದಕ್ಕೂ ಬಿಡಿ. ನೆಟ್ಟಿನ ಗ್ರಾಹಕ ಸಂಖ್ಯೆ, ದೂರು ಕೊಡುವ ಫೋನು, ಪಿಪಿಪಿಓಇ ಇದ್ದರೆ ಅದರ ಹೆಸರು ಮತ್ತು ಪಾಸ್‌ವರ್ಡ್, ವೈ-ಫೈಯ ಹೆಸರು ಮತ್ತು ಪಾಸ್‌ವರ್ಡ್ (ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಸಹಿತ), ಒಳಪುಟದ ಪಾಸ್‌ವರ್ಡ್, ರೌಟರಿನ ತಳದ ಚೀಟಿಯ ಸಂಖ್ಯೆ. ಆನ್‌ಲೈನ್ ಭದ್ರತೆಯ ಪಂಡಿತರು ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯಬಾರದೆನ್ನುವುದುಂಟು. ಬ್ಯಾಂಕಿನದಕ್ಕೆ ಅದು ಒಪ್ಪುವ ಮಾತು. ರೌಟರಿನ ವಿಷಯದಲ್ಲಿ, ಸಾವಿರಾರು ಮೈಲು ದೂರದ ಕಳ್ಳನಿಗೆ ನಮ್ಮ ಕಪಾಟಿನ ಪುಸ್ತಕ ಸಿಕ್ಕುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿರುವ ಹಿರಿಯರಿಗೆ ಆ ಪುಟ ಎಲ್ಲಿದೆಯೆಂದು ತೋರಿಸಿರಿ. ರಿಪೇರಿಯವನು ಬಂದಾಗ ಪುಟವನ್ನು ಅವನ ಮುಂದಿಟ್ಟು, ಹೆಸರು ಇದೇ ಇರಲಿ ಎಂದು ಹೇಳುವಷ್ಟು ಮಾಡಿದರೆ ಸಾಕು. ಅವನು ಹೊರಡುವ ಮುನ್ನ ಅವನ ಮೊಬೈಲಿನಲ್ಲಿ ಅಲ್ಲ, ಮನೆಯ ಫೋನಿನಿಂದ ಒಂದು ಕರೆ ಮಾಡಿಸಿ, ಕ್ಯಾಮೆರಾ ಇದ್ದರೆ ಮಕ್ಕಳಿಗೆ ಕಾಣಿಸುತ್ತದೆಯೇ ಎಂದು ಕೇಳಿಸಿಯೇ ಕಳುಹಿಸಿರಿ.

ಹಳೆಯ ಪೆಟ್ಟಿಗೆಯನ್ನು ಭಂಗಾರ್‌ವಾಲನಿಗೆ ಹಾಕುವ ಅವಸರ ಬೇಡ. ಅದು ಕಂಪೆನಿಯದಾದರೆ ಹಿಂದಿರುಗಿಸಿ ರಸೀತಿ ಪಡೆಯಿರಿ, ಇಲ್ಲದಿದ್ದರೆ ಠೇವಣಿಯ ಹಣ ಹಿಂದಕ್ಕೆ ಬರುವಾಗ ತಕರಾರು ಏಳುತ್ತದೆ. ನಿಮ್ಮದೇ ಆದರೆ ಒಂದೆರಡು ವಾರ, ಎಲ್ಲ ಉಪಕರಣಗಳೂ ಹೊಸದಕ್ಕೆ ಹೊಂದಿಕೊಂಡುವೆಂದು ಖಾತ್ರಿಯಾಗುವವರೆಗೆ ಇಟ್ಟುಕೊಂಡು, ಬಳಿಕ ವಿದ್ಯುತ್ತು ಕೊಟ್ಟು, ಹಿಂಬದಿಯ ಸೂಜಿಗಂಡಿಯಂಥ ರೀಸೆಟ್ ತೂತಿನಲ್ಲಿ ಸೇಫ್ಟಿಪಿನ್ನಿನ ಮೊನೆಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ದೀಪಗಳೆಲ್ಲ ಒಮ್ಮೆ ಆರಿ ಹೊತ್ತಿದರೆ ನಿಮ್ಮ ಮನೆಯ ಹೆಸರು ಮತ್ತು ಪಾಸ್‌ವರ್ಡುಗಳು ಅದರ ನೆನಪಿನಿಂದ ಅಳಿದುವೆಂದು ತಿಳಿಯಬಹುದು. ಆಮೇಲೆ ಅದನ್ನು ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವವರಿಗೆ ಕೊಡಿ. ಅಡಾಪ್ಟರನ್ನೂ ಅದರೊಡನೆಯೇ ಕಳುಹಿಸಿ, ಡ್ರಾವರಿನಲ್ಲಿ ಉಳಿದರೆ ಮುಂದೊಂದು ದಿನ ಯಾರಾದರೂ ಅದನ್ನು ಹೊಸ ಪೆಟ್ಟಿಗೆಗೆ ಸಿಕ್ಕಿಸಿಯಾರು.